ನಾಯಿಗೂ ಅಜ್ಜಿಗೂ ಗಂಟು ಹಾಕಿದ ಪ್ರೆಸ್ಸಿನವರ ಸನ್ನಿಧಾನಕ್ಕೆ

ಶ್ರೀಮದ್ ಎರಕದ ಕಬ್ಬಿಣದ, ಪುಸ್ತಕ ಒತ್ತುವ ಪ್ರೆಸ್ ಅವರಿಗೆ,
ಕಿಟಕಿ ಪಕ್ಕದ ಮೇಜು, ಬೈಂಡಿಂಗ್ ಕೋಣೆ,
ಲಾರಾಕ್ ಅವರ ಮನೆ, ವರ್ಮಾಂಟ್.

ಮಾನ್ಯರೇ,

ತಮ್ಮ ತಿರುಪಿಗೆ ತುಕ್ಕು ತಾಗದಿರಲಿ, ತಮ್ಮ ಚಕ್ರದ ಕಪ್ಪು ಬಣ್ಣ ಎಂದೆಂದೂ ಮಾಸದಿರಲಿ ಎಂದು ಹಾರೈಸುತ್ತ, ಈ ಊರಿನ ಹಿಮ ತಳ್ಳುವ ಲಾರಿಯನ್ನು ಮೂವತ್ತೊಂದು ವರ್ಷ ಓಡಿಸಿ ನಿವೃತ್ತನಾದ ವೆಂಡೆಲ್ ಲಾರಾಕ್ ಎಂಬ ನಾನು ತಮ್ಮಿಂದ ಎಂಟು ಅಡಿ ದೂರದ ಕುರ್ಚಿಯಲ್ಲಿ ಕುಳಿತು ಈ ದೂರನ್ನು ಬಹಿರಂಗವಾಗಿ ಬರೆದುಕೊಳ್ಳುತ್ತಿದ್ದೇನೆ. ಇಷ್ಟು ಹತ್ತಿರದವರಿಗೆ ಪತ್ರವೇಕೆ ಎಂದು ತಾವು ಕೇಳಬಹುದು. ಬಾಯಿಮಾತಿನಲ್ಲಿ ಹೇಳಿ ನೋಡಿದ್ದಾಯಿತು, ತಾವು ಕಿವಿಗೊಡಲಿಲ್ಲ, ಬದಲಿಗೆ ನನ್ನ ಹೆಂಡತಿ ಬರ್ನಡೆಟ್ ಅಡುಗೆಮನೆಯಿಂದ "ಯಾರ ಹತ್ರ ಜಗಳ ಆಡ್ತಿದ್ದೀಯ ಅಲ್ಲಿ?" ಎಂದು ಕೂಗಿದಳು.

ಮೊದಲಿಗೆ ತಮ್ಮ ಗುಣಗಾನ ಮಾಡಿಬಿಡುತ್ತೇನೆ, ಆಮೇಲೆ ಅದಕ್ಕೆ ಮನಸ್ಸು ಬರಲಾರದು. ತಾವು ನನಗಿಂತ ಎಂಬತ್ತು ವರ್ಷ ಹಿರಿಯರು, ನನಗಿಂತ ಭಾರದವರು, ನನಗಿಂತ ಕಡಿಮೆ ಮಾತಿನವರು. ಇಪ್ಪತ್ತೆರಡು ವರ್ಷಗಳಿಂದ ಬರ್ನಡೆಟ್ ಕಟ್ಟುವ ಪ್ರತಿ ಪುಸ್ತಕವೂ ತಮ್ಮ ಎರಡು ಕಬ್ಬಿಣದ ತಟ್ಟೆಗಳ ನಡುವೆ ಮಲಗಿ ಎದ್ದೇ ಹೊರಗೆ ಹೋಗಿದೆ. ಆದರೆ ಈ ಚಳಿಗಾಲ ಅವಳ ಹೆಬ್ಬೆರಳುಗಳ ಕೀಲು ಹಿಡಿದುಕೊಂಡು, ತಮ್ಮ ಚಕ್ರವನ್ನು ತಿರುಗಿಸುವಾಗ ಅವಳು ತುಟಿ ಕಚ್ಚುವುದನ್ನು ನಾನೂ ನೋಡಿದೆ, ತಾವೂ ನೋಡಿದಿರಿ. ತಾವು ಸುಮ್ಮನಿದ್ದಿರಿ. ನಾನು ಸುಮ್ಮನಿರುವ ಜಾತಿಯವನಲ್ಲ, ಎಡವಟ್ಟೆಲ್ಲ ಶುರುವಾದದ್ದು ಅಲ್ಲಿಂದಲೇ.

ತಮಗೆ ಗೊತ್ತಿರುವಂತೆ ಊರಿನವರು ಹಳೆಯ ದಾಖಲೆ ಪುಸ್ತಕಗಳ ಎಂಟು ಸಂಪುಟಗಳಲ್ಲಿ ಒಂದನ್ನು ಮಾತ್ರ ಮಾದರಿಗೆಂದು ಅವಳಿಗೆ ಕೊಟ್ಟಿದ್ದರು. ಮಾರ್ಚ್ ತಿಂಗಳ ಮೊದಲ ಮಂಗಳವಾರದ ಊರ ಸಭೆಯಲ್ಲಿ ಆ ಪುಸ್ತಕವನ್ನು ನೋಡಿ, ಉಳಿದ ಏಳನ್ನು ಅವಳಿಗೇ ಕೊಡಬೇಕೋ ಪಟ್ಟಣದ ಕಂಪನಿಗೆ ಕಳಿಸಬೇಕೋ ಎಂದು ಕೈಯೆತ್ತಿ ತೀರ್ಮಾನಿಸುವುದಿತ್ತು. "ಬರ್ನಡೆಟ್ ಕೈ ಮೊದಲಿನ ಹಾಗಿಲ್ಲವಂತೆ" ಎಂಬ ಪಿಸುಮಾತು ಅಂಗಡಿಯಲ್ಲಿ ಮೊಟ್ಟೆ ಕೊಳ್ಳುವಾಗಲೇ ನನ್ನ ಕಿವಿಗೆ ಬಿದ್ದಿತ್ತು. ಆ ಕೆಲಸ ಕೈತಪ್ಪಿದರೆ ಅವಳು ಈ ಕೋಣೆಯ ಬಾಗಿಲನ್ನೇ ಹಾಕಿಬಿಡುತ್ತಾಳೆಂದು ನನಗೆ ಗೊತ್ತಿತ್ತು.

ಆದ್ದರಿಂದ, ಮಾನ್ಯರೇ, ನೆಲಮಾಳಿಗೆಯಲ್ಲಿ ಕಾನೂನು ಒಪ್ಪಿದಷ್ಟೇ ಸಂಖ್ಯೆಯಲ್ಲಿ, ಅಂದರೆ ಎರಡೇ ಎರಡು, ಗಾಂಜಾ ಗಿಡ ಬೆಳೆಸಿ ಅಕ್ಟೋಬರಿನಲ್ಲಿ ಕೊಯ್ದಿಟ್ಟಿದ್ದ ನಾನು, ಆ ಹೂವನ್ನು ಬಿಸಿಯಲ್ಲಿ ಒತ್ತಿ ರಾಳ ತೆಗೆದು, ಜೇನುಮೇಣದಲ್ಲಿ ಕಲಸಿ, ಅವಳ ಹೆಬ್ಬೆರಳಿಗೊಂದು ಮುಲಾಮು ಮಾಡಿಕೊಡೋಣವೆಂದು ಹೊರಟೆ. ಎದುರುಮನೆಯ ಹಾಲಿಸ್ ಈ ವಿದ್ಯೆಯಲ್ಲಿ ತಾನೇ ಪಂಡಿತನೆಂದು ಹೇಳಿಕೊಳ್ಳುವವನು. "ಕೂದಲು ನೆಟ್ಟಗೆ ಮಾಡೋ ಇಸ್ತ್ರಿ ಇರುತ್ತಲ್ಲ ಮಾರಾಯ, ಅದರ ಮಧ್ಯೆ ಹೂವಿಟ್ಟು ಅಮುಕು, ಅಷ್ಟೇ!" ಎಂದ. ನಮ್ಮ ಮನೆಯಲ್ಲಿ ಆ ಇಸ್ತ್ರಿ ಇಲ್ಲ. ನನ್ನ ತಲೆಯನ್ನು ಒಮ್ಮೆ ನೋಡಿದವರು ಕಾರಣ ಕೇಳುವುದಿಲ್ಲ, ಬರ್ನಡೆಟ್ಟಳದ್ದೂ ಗಿಡ್ಡ ಕೂದಲು. ಹಾಗಾಗಿ ಅಂಚೆಯಲ್ಲಿ ಎರಡು ಬಿಸಿ ತಟ್ಟೆ ತರಿಸಿ, ಬರ್ನಡೆಟ್ ತಂಗಿಯ ಮನೆಗೆ ಹೋದ ಒಂದು ಶನಿವಾರ ಅವನ್ನು ತಮ್ಮ ಪವಿತ್ರ ದವಡೆಗಳ ನಡುವೆ ಕೂರಿಸಿದೆ. ಅನುಮತಿ ಕೇಳಲಿಲ್ಲ, ನಿಜ. ತಮ್ಮದನ್ನೂ ಕೇಳಲಿಲ್ಲ, ಅವಳದ್ದನ್ನೂ ಕೇಳಲಿಲ್ಲ.

ಹೂವನ್ನು ಪುಟ್ಟ ಜಾಳಿಗೆ ಚೀಲಕ್ಕೆ ತುಂಬಿ, ಬಟರ್ ಪೇಪರಿನಲ್ಲಿ ಮಡಿಸಿ, ತಮ್ಮ ಬಾಯಿಗಿಟ್ಟು ಒತ್ತಿದೆ. ಅರ್ಧ ಗಂಟೆಯ ಮೇಲೆ ತಾವು ನನಗೆ ಕರುಣಿಸಿದ್ದು ಹಪ್ಪಳದಷ್ಟು ತೆಳ್ಳಗಿನ, ಹಪ್ಪಳದಷ್ಟೇ ಒಣಗಿದ ಒಂದು ಬಿಲ್ಲೆ. ರಾಳ ಒಂದು ಹನಿಯೂ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ನನಗೆ ಇಲಿಯೂ ಸಿಗಲಿಲ್ಲ. ಹಾಲಿಸ್ ಬಂದು ಬಿಲ್ಲೆಯನ್ನು ಮುರಿದು ಮೂಸಿ, "ನಾಲ್ಕು ತಿಂಗಳು ಕಟ್ಟಿಗೆ ಒಲೆ ಪಕ್ಕ ಇಟ್ಟಿದ್ದೀಯಲ್ಲೋ, ಹೂವಲ್ಲಿ ಪಸೆ ಎಲ್ಲಿ ಉಳಿಯುತ್ತೆ? ಬಂದ ರಾಳಾನೆಲ್ಲ ಹೂವೇ ಕುಡಿದುಬಿಟ್ಟಿದೆ" ಎಂದು ತೀರ್ಪು ಕೊಟ್ಟು, ನನ್ನ ಎರಡು ಬಿಯರ್ ಕುಡಿದು ಹೋದ. ಉಳಿದ ಹೂವಿನ ಜಾಡಿಯೊಳಗೆ ಒಂದು ತುಂಡು ಸೇಬಿನ ಸಿಪ್ಪೆ ಹಾಕಿ, ಹೂವು ಮತ್ತೆ ಪಸೆ ಹಿಡಿದು ಮೆತ್ತಗಾಗುವವರೆಗೆ ಕಾದೆ.

ಬರ್ನಡೆಟ್ ಮತ್ತೆ ತಂಗಿಯ ಮನೆಗೆ ಹೋದ ಮುಂದಿನ ಶನಿವಾರ ನಡೆದದ್ದೇ ನನ್ನ ದೂರಿನ ಹೂರಣ. ಮೂವತ್ತೊಂದು ವರ್ಷದ ಅನುಭವದಿಂದ ನಾನು ಕಲಿತಿರುವುದು ಒಂದೇ: ಎದುರಿಗಿರುವುದನ್ನು ಜೋರಾಗಿ ತಳ್ಳಿದರೆ ಅದು ದಾರಿ ಬಿಡುತ್ತದೆ. ಹಾಗೆಂದೇ ತಮ್ಮ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಮೇಜಿಗೆ ಒದೆಕೊಟ್ಟು, ಒಂದೇ ಉಸಿರಿಗೆ ಮೂರು ಸುತ್ತು ತಿರುಗಿಸಿಬಿಟ್ಟೆ. ತಾವು ದಾರಿ ಬಿಡಲಿಲ್ಲ. ಚೀಲ ಬಿಟ್ಟಿತು. ಫಟ್ ಎಂಬ ಸದ್ದಿನೊಂದಿಗೆ ಬಿಸಿ ರಾಳವೂ ಹೂವಿನ ಪುಡಿಯೂ ಪಕ್ಕಕ್ಕೆ ಚಿಮ್ಮಿ, ಬರ್ನಡೆಟ್ ಕಟ್ಟಿ ಮುಗಿಸಿ, ಮಡಿಕೆ ಸಡಿಲವಾಗಲೆಂದು ತೆರೆದಿಟ್ಟಿದ್ದ ಊರಿನ ಪುಸ್ತಕದ ನಟ್ಟನಡುವೆ ಬಿತ್ತು.

ಅವಸರವೇ ಅಪಘಾತಕ್ಕೆ ಕಾರಣ ಎಂದು ಹೊಸ ಚಾಲಕರಿಗೆಲ್ಲ ಬೋಧಿಸಿದ ನಾನು ಆಗ ಮಾಡಿದ್ದೇನು? ಗಾಬರಿಯಲ್ಲಿ ಪುಸ್ತಕವನ್ನು ಪಟ್ಟೆಂದು ಮುಚ್ಚಿದೆ. ಎಡಪುಟದಲ್ಲಿ ೧೯೩೧ರ ಮದುವೆಗಳು, ಬಲಪುಟದಲ್ಲಿ ಅದೇ ವರ್ಷದ ನಾಯಿ ಲೈಸೆನ್ಸುಗಳು, ಎರಡೂ ಅಂಟಿಕೊಂಡವು. ಸಂದಿಯಲ್ಲಿ ಟಾರ್ಚ್ ಬಿಟ್ಟು ಇಣುಕಿದಾಗ, ಹಾಲಿಸನ ಸ್ವಂತ ಅಜ್ಜಿ ವಧು ಯೂಲಾಲಿಯವರ ಹೆಸರು, ಜನರಲ್ ಎಂಬ ಹೆಸರಿನ, ಕಂದು ಬಣ್ಣದ, ಕಚ್ಚುವುದಿಲ್ಲವೆಂದು ನಮೂದಾದ ಗಂಡು ಬೇಟೆನಾಯಿಯ ಹೆಸರಿನ ಮೇಲೆ ಒರಗಿ ಮಲಗಿತ್ತು. ಪಾದ್ರಿಯಿಲ್ಲದೆ, ಸಾಕ್ಷಿಯಿಲ್ಲದೆ ಇಂಥ ಸಂಬಂಧವನ್ನು ಕುದುರಿಸುವ ಅಧಿಕಾರವನ್ನು ತಮಗೆ ಯಾರು ಕೊಟ್ಟರೆಂದು ಸವಿನಯವಾಗಿ ಕೇಳುತ್ತೇನೆ.

ಚಳಿಗೆ ರಾಳ ಗಾಜಿನ ಹಾಗೆ ಗಡುಸಾಗಿ ಸಿಡಿದುಬರುತ್ತದೆಂದು ಹಾಲಿಸ್ ಹಿಂದೊಮ್ಮೆ ಹೇಳಿದ್ದು ನೆನಪಾಗಿ, ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಂದು ತಗಡಿನ ಡಬ್ಬದಲ್ಲಿಟ್ಟು, ಜಗುಲಿಯ ಹಿಮದಲ್ಲಿ ಹೂತೆ. ಭಾನುವಾರ ಚರ್ಚಿನಿಂದ ಬಂದ ಬರ್ನಡೆಟ್ ಸಭೆಯ ಊಟಕ್ಕೆ ಸೇಬು ತುಂಬಿದ ಪೈ ಬೇಯಿಸಲೆಂದು, ಹಿಮದಿಂದ ಅಂಚು ಇಣುಕುತ್ತಿದ್ದ ಅದೇ ಡಬ್ಬವನ್ನು ಹುಡುಕಿ ತೆಗೆಯಬೇಕೆ! "ವೆಂಡೆಲ್, ನನ್ನ ಪೈ ಡಬ್ಬದಲ್ಲಿ ಊರಿನ ಪುಸ್ತಕ ಯಾಕಿದೆ?" ಎಂದು ಅವಳು ಬಹಳ ಮೆಲ್ಲಗೆ ಕೇಳಿದಳು. ಅವಳು ಜೋರಾಗಿ ಕೇಳಿದ್ದರೆ ಏನಾದರೂ ಸುಳ್ಳು ಹೊಳೆಯುತ್ತಿತ್ತು.

ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಪುಸ್ತಕವನ್ನು ಮೂಸಿದಳು, ನನ್ನನ್ನು ನೋಡಿದಳು, ಮೂಳೆಯ ಚಪ್ಪಟೆ ಕಡ್ಡಿಯನ್ನು ತಂದು ಪುಟಗಳ ಸಂದಿಗಿಟ್ಟಳು. ಹೆಬ್ಬೆರಳು ಮಡಿಯದೆ ಕಡ್ಡಿ ಕೈಯಿಂದ ಜಾರಿತು. ಆ ಕ್ಷಣ ನನಗಾದ ನಾಚಿಕೆ ಮತ್ತು ಸಂಕಟವನ್ನು ಕಬ್ಬಿಣದವರಾದ ತಮಗೆ ಹೇಗೆ ವಿವರಿಸಲಿ? ಅವಳು ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, "ನೀನು ಹಿಡಿ. ತಳ್ಳಬೇಡ. ತಳ್ಳಬೇಡ ಅಂದೆ! ಅದಾಗಿಯೇ ಬರೋವರೆಗೂ ಕಾಯಿ" ಎಂದಳು. ಕಾದೆ. ಚಟ್ ಚಟ್ ಎಂದು ರಾಳ ಬಿರುಕುಬಿಟ್ಟು, ಯೂಲಾಲಿ ಅಜ್ಜಿ ನಾಯಿಯಿಂದ ಬಿಡುಗಡೆ ಪಡೆದರು.

"ಇಷ್ಟೆಲ್ಲ ಯಾತಕ್ಕೆ?" ಎಂದಳು. "ನಿನ್ನ ಹೆಬ್ಬೆರಳಿಗೆ" ಎಂದೆ. ಅವಳು ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕೊನೆಗೆ ಎದ್ದು, "ಹಿಮದ ಲಾರಿ ಓಡಿಸಿದ ಹಾಗೆ ಓಡಿಸಿದ್ದೀಯ ಅದನ್ನ, ಪೆದ್ದ. ಇನ್ನೂ ಹೂವಿದೆಯಾ? ತಗೊಂಡು ಬಾ" ಎಂದು, ಏಪ್ರನ್ನಿನ ಜೇಬಲ್ಲಿ ಕೈಯಿಟ್ಟು ತಮ್ಮ ಪಕ್ಕದಲ್ಲಿ ನಿಂತಳು. "ಕಾಲು ಸುತ್ತು. ನಿಲ್ಲು. ಉಸಿರು ತಗೋ. ಇನ್ನೊಂದು ಕಾಲು ಸುತ್ತು." ಹಸಿ ಅಂಟಿನ ಪುಸ್ತಕವನ್ನು ಇಪ್ಪತ್ತೆರಡು ವರ್ಷ ಒತ್ತಿದ ರೀತಿಯೂ ಅದೇ ಅಂತೆ. ಎಂಟನೆಯ ಕಾಲು ಸುತ್ತಿಗೆ, ಮಹಾಸ್ವಾಮಿಗಳೇ, ತಮ್ಮ ತುಟಿಯಂಚಿನಿಂದ ಹೊಂಬಣ್ಣದ ರಾಳ ಮೇಪಲ್ ಮರದ ಸಿಹಿ ಪಾಕದಂತೆ ಸದ್ದಿಲ್ಲದೆ ಕಾಗದದ ಮೇಲೆ ಇಳಿಯಿತು.

ನನ್ನ ಆಕ್ಷೇಪಣೆ ಇರುವುದೇ ಇಲ್ಲಿ. ಚಕ್ರ ತಿರುಗಿಸಿದ್ದು ನಾನು, ಬೆವರು ನನ್ನದು, ಹೂವು ನನ್ನದು. ಕೈಯನ್ನೂ ತಾಗಿಸದ ಅವಳ ಮಾತು ಕೇಳಿ ತಾವು ರಾಳ ಕೊಟ್ಟಿರಿ. ಆದ್ದರಿಂದ ಹಾಳಾದ ಮೊದಲೆರಡು ಕಂತಿನ ಹೂವನ್ನು ಗಿಡದ ಮೇಲಿದ್ದ ಸ್ಥಿತಿಯಲ್ಲೇ ಮರಳಿಸಬೇಕೆಂದೂ, ಯೂಲಾಲಿಯವರ ಸಮಾಧಿಗೆ ಖುದ್ದಾಗಿ ನಡೆದುಹೋಗಿ ಕ್ಷಮೆ ಕೇಳಬೇಕೆಂದೂ, ಬರುವ ದಾರಿಯಲ್ಲಿ ಜನರಲ್‌ನ ವಂಶದ ನಾಯಿಗಳೇನಾದರೂ ಉಳಿದಿದ್ದರೆ ಅವಕ್ಕೂ ಒಂದು ಮಾತು ಹೇಳಬೇಕೆಂದೂ ಪ್ರಾರ್ಥಿಸುತ್ತೇನೆ.

ಇನ್ನು ಸಭೆಯ ವಿಷಯ. ಊರ ಕ್ಲರ್ಕ್ ಮಾರ್ಥಾ ಟಟಲ್ ಎಲ್ಲರೆದುರು ಪುಸ್ತಕ ತೆರೆದದ್ದೇ ತಡ, ವಾಸನೆ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಸಾಗಿತು. ಮುದುಕರು ಮುಗುಳ್ನಕ್ಕರು. ಬರ್ನಡೆಟ್ ಮುಂದಿನ ಕುರ್ಚಿಯ ಬೆನ್ನನ್ನೇ ನೋಡುತ್ತಿದ್ದಳು. ಮಾರ್ಥಾ ಹೊಲಿಗೆಯನ್ನು ಬೆರಳಿನಿಂದ ಸವರಿ, ರಟ್ಟನ್ನು ಎರಡು ಸಲ ತೆರೆದು ಮುಚ್ಚಿ, "ಕೆಲಸ ಅಚ್ಚುಕಟ್ಟಾಗಿದೆ. ಆದರೆ ಇದೇನಿದು ವಾಸನೆ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಾಲಿಸ್ ಎದ್ದು ನಿಂತು, "ನಮ್ಮಜ್ಜಿ ಮದುವೆ ಪುಟ ಇಷ್ಟು ಚೆನ್ನಾಗಿ ಯಾವತ್ತೂ ಘಮಘಮ ಅಂದಿರಲಿಲ್ಲ. ಉಳಿದ ಏಳು ಪುಸ್ತಕಾನೂ ಇದೇ ಕೈಯಿಂದ, ಇದೇ ವಾಸನೇಲಿ ಆಗಲಿ ಅಂತ ನಾನು ಸೂಚಿಸ್ತೀನಿ" ಎಂದ. ಅವನ ಮೇಲಿದ್ದ ಎರಡು ಬಿಯರಿನ ಸಿಟ್ಟು ನನಗೆ ಅಲ್ಲೇ ಇಳಿಯಿತು. ಒಂದೇ ಒಂದು ಕೈ ಬಿಟ್ಟು ಎಲ್ಲವೂ ಮೇಲೆದ್ದವು. ಆ ಒಂದು ಕೈ ನಿದ್ದೆ ಹೋಗಿದ್ದವರದು.

ಮಾರ್ಥಾ ಮಾತ್ರ ತಗ್ಗಿದ ದನಿಯಲ್ಲಿ, "ಏಳು ಪುಸ್ತಕ, ಬರ್ನಡೆಟ್. ನಿನ್ನ ಹೆಬ್ಬೆರಳು ತಡೆಯುತ್ತಾ?" ಎಂದು ಕೇಳಿದರು. ಬರ್ನಡೆಟ್ ಇಡೀ ಸಭೆಗೆ ಕೇಳುವಂತೆ, "ಚಕ್ರ ತಿರುಗಿಸೋಕೆ ಒಬ್ಬ ಆಳು ಸಿಕ್ಕಿದ್ದಾನೆ. ವಯಸ್ಸಾಗಿದೆ, ಬುದ್ಧಿ ಸ್ವಲ್ಪ ನಿಧಾನ. ಆದರೆ ಕೈ ಈಗೀಗ ನಿಧಾನ ಆಗೋದನ್ನ ಕಲೀತಿದೆ" ಎಂದಳು.

ಹೀಗೆ ನಿವೃತ್ತನಾದ ನನ್ನನ್ನು ಮತ್ತೆ ನೌಕರಿಗೆ ಸೇರಿಸಿದ ತಮಗೆ ಧಿಕ್ಕಾರ ಹೇಳಲೆಂದೇ ಈ ಪತ್ರ ಶುರುಮಾಡಿದ್ದೆ. ಆದರೆ ಈಗಷ್ಟೇ ಅವಳು ಮುಲಾಮಿನ ಡಬ್ಬಿ ಹಿಡಿದು ಬಂದು ನನ್ನೆದುರು ಹೆಬ್ಬೆರಳು ಚಾಚಿ, "ಹಚ್ಚು, ನಿಧಾನವಾಗಿ" ಎನ್ನುತ್ತಿರುವುದರಿಂದ, ಧಿಕ್ಕಾರವನ್ನು ಮುಂದಿನ ಸಂಪುಟಕ್ಕೆ ಮುಂದೂಡಿದ್ದೇನೆ.

ಕಾಲು ಕಾಲು ಸುತ್ತಿನಷ್ಟೇ ಆದರೂ ದಿನದಿನಕ್ಕೆ
ತಮ್ಮ ವಿಶ್ವಾಸಿಯಾಗುತ್ತಿರುವ,
ವೆಂಡೆಲ್ ಲಾರಾಕ್,
ಚಕ್ರದ ಆಳು

ತಾ.ಕ.: ಹಾಲಿಸ್ ತನ್ನ ಗ್ಯಾರೇಜಿನಲ್ಲಿ ಲಾರಿ ಎತ್ತುವ ಇಪ್ಪತ್ತು ಟನ್ನಿನ ಜಾಕಿನಿಂದಲೇ ಪ್ರೆಸ್ ಮಾಡಿಕೊಂಡು, ವಾರಕ್ಕೆರಡು ಚೀಲ ಒಡೆದು, ಗೋಡೆಯಿಂದ ರಾಳ ಕೆರೆಯುತ್ತಿದ್ದಾನೆ. ನಿನ್ನೆ ಬಂದು ಗುಟ್ಟೇನೆಂದು ಕೇಳಿದ. ಇನ್ನೂ ಜೋರಾಗಿ ತಳ್ಳು ಎಂದು ಹೇಳಿ ಕಳಿಸಿದ್ದೇನೆ. ತಾವು ಮಾತಾಡದವರು ಎಂಬ ಒಂದೇ ಕಾರಣಕ್ಕೆ ಇದನ್ನು ತಮಗೆ ತಿಳಿಸುತ್ತಿದ್ದೇನೆ.