ಎರಡು ಬಣ್ಣದ ಬಾಲದ ರಕೂನ್ ಅವರ ಸನ್ನಿಧಾನಕ್ಕೆ

ಹೊಳೆಯ ಎರಡೂ ದಡಗಳಲ್ಲಿ ಬಿಡಾರವುಳ್ಳ, ಬೆಕ್ಕಿಗಿಂತ ತುಸು ದಪ್ಪ ಮೈಯ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡೇ ಹುಟ್ಟಿದ ಮಾನ್ಯರೇ,

ಒಹಾಯೊದ ಈ ಮೂಲೆಯಲ್ಲಿ ಮುಸುಕಿನ ಜೋಳ ಬೆಳೆಯುವ ವೆಂಡೆಲ್ ಕ್ರೌಸ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂಬುದನ್ನು ತಮ್ಮ ಹೊಟ್ಟೆ ನೋಡಿಯೇ ತಿಳಿದು ಸಂತೋಷಪಟ್ಟಿದ್ದೇನೆ.

ತೆನೆ ಹದಕ್ಕೆ ಬಂತೋ ಇಲ್ಲವೋ ಎಂದು ನಾನು ನಲವತ್ತು ವರ್ಷಗಳಿಂದ ಕಾಳಿಗೆ ಉಗುರು ಚುಚ್ಚಿ ನೋಡುತ್ತಿದ್ದೇನೆ. ತಾವಾದರೋ, ‘ನಾಳೆ ಕೀಳೋಣ’ ಎಂದು ನಾನು ಅಂದುಕೊಂಡ ದಿನವೇ ದಯಮಾಡಿಸಿ, ಒಂದೊಂದು ತೆನೆಗೂ ಒಂದೊಂದು ಬಾಯಿ ಹಾಕಿ ಎಸೆದು ಹೋಗುತ್ತೀರಿ. ಕೃಷಿ ಇಲಾಖೆ ತಮ್ಮನ್ನು ಇನ್ನೂ ಸಲಹೆಗಾರರನ್ನಾಗಿ ನೇಮಿಸಿಕೊಳ್ಳದಿರುವುದು ದೊಡ್ಡ ಅನ್ಯಾಯ.

ಚರ್ಚಿನ ಬೇಸಗೆಯ ಊಟಕ್ಕೆ ಜೋಳ ಒದಗಿಸುವುದು ನಮ್ಮಪ್ಪನ ಕಾಲದಿಂದ ಬಂದ ಮರ್ಯಾದೆ. ಹೊಲ ಪಾಲಾದ ಮೇಲೆ ಆ ಮರ್ಯಾದೆ ನನ್ನದೋ, ಹೊಳೆಯಾಚೆ ಇರುವ ನನ್ನ ತಮ್ಮ ಆರ್ಲೊನದೋ ಎಂಬ ಜಗಳದಲ್ಲಿ ನಾವು ಮೂರು ವರ್ಷ ಮಾತು ಬಿಟ್ಟಿದ್ದೆವು. ಬೇಸತ್ತ ಪಾದ್ರಿಯಮ್ಮನವರು ಈ ಸಲ, “ಇಬ್ರೂ ಅರ್ಧರ್ಧ ತನ್ನಿ. ಯಾರ್ದು ಸಿಹಿ ಅಂತ ಊರೇ ಹೇಳ್ಲಿ” ಎಂದುಬಿಟ್ಟರು.

ಹಾಗಾಗಿ ಬೋನಿಟ್ಟೆ. ಒಳಗೆ ಬೆಕ್ಕುಗಳು ಮೂಸಿಯೂ ನೋಡದ ಮಾರ್ಷ್‌ಮ್ಯಾಲೊ ಮಿಠಾಯಿ ಇಟ್ಟೆ, ತಾವು ಬಂದಿರಿ. ಕೊಲ್ಲಲು ಮನಸ್ಸಾಗದೆ, ಇಲ್ಲಿಯವರೆಲ್ಲ ಮಾಡುವಂತೆ ಗಾಡಿಯಲ್ಲಿ ಹೊಳೆ ದಾಟಿಸಿ ಬಿಟ್ಟುಬಂದೆ. ಅದು ಆರ್ಲೊನ ಹೊಲದ ಬದಿಯೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಗುರುತಿಗಿರಲೆಂದು ಬಾಲಕ್ಕೆ ಗೇಟಿನ ನೀಲಿ ಬಣ್ಣವನ್ನೂ ಬಳಿದಿದ್ದೆ. ನಾಲ್ಕನೇ ದಿನ ನೋಡಿದರೆ ತಾವು ಮತ್ತೆ ನಮ್ಮ ಬೋನಿನಲ್ಲಿ, ನೀಲಿಯ ಪಕ್ಕದಲ್ಲಿ ಆರ್ಲೊನ ಕೊಟ್ಟಿಗೆಯ ಕೆಂಪು ಬಣ್ಣ! ನನ್ನ ಹೆಂಡತಿ ಲವರ್ನ್ ಬಗ್ಗಿ ನೋಡಿ, “ಮೂರು ವರ್ಷದಿಂದ ಒಂದು ಕಾಗದ ಬರೀದ ಅಣ್ಣತಮ್ಮಂದ್ರು ಈಗ ಬಾಲದ್ ಮೇಲೆ ಬರ್ಕೊಳ್ತಿದೀರಲ್ಲ, ನಾಚ್ಕೆ ಆಗಲ್ವಾ?” ಎಂದಳು.

ಆಗಲಿಲ್ಲ, ಮತ್ತೆ ದಾಟಿಸಿದೆ. ಅವನೂ ಬಿಡಲಿಲ್ಲ. ಹೀಗೆ ತಾವು ಬಿಟ್ಟಿ ಸವಾರಿಯಲ್ಲೇ ಎರಡೂ ಹೊಲಗಳನ್ನು ಸರದಿಯ ಮೇಲೆ ಮುಗಿಸಿದಿರಿ.

ಊಟದ ದಿನ ಬೆಳಿಗ್ಗೆ, ಗುರುತಿನವರು ಸಿಗದಿರಲೆಂದು ಇಪ್ಪತ್ತು ಮೈಲಿ ದೂರದ ಅಂಗಡಿಗೆ ಹೋದೆ. ಜೋಳದ ರಾಶಿಯ ಆಚೆ ಆರ್ಲೊ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಚೀಲ ತುಂಬುತ್ತಿದ್ದ.

“ನಿಂದೂ ಖಾಲಿನಾ, ಅಣ್ಣ?”

“ನೀನ್ ಕಳ್ಸಿದ ನೆಂಟ ಏನೂ ಉಳಿಸ್ಲಿಲ್ಲ ಕಣೋ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನ ನಗು ಕೇಳಿ ನನಗೆ ಎಷ್ಟು ಹಿತವಾಯಿತೆಂದರೆ, ಆ ಗಳಿಗೆಯಲ್ಲಿ ತಮ್ಮನ್ನೂ ಕ್ಷಮಿಸಿಬಿಟ್ಟೆ.

ಊಟದಲ್ಲಿ ಅರ್ಧ ಊರು ನನ್ನ ಜೋಳವೇ ಸಿಹಿ ಎಂದಿತು, ಇನ್ನರ್ಧ ಆರ್ಲೊನದೇ ಎಂದಿತು. ಒಂದೇ ರಾಶಿಯ ಜೋಳ ತಿಂದ ಆ ಎರಡು ಪಂಗಡಗಳು ಈಗ ಪರಸ್ಪರ ಮಾತು ಬಿಟ್ಟಿವೆ. ತಾವು ದಯವಿಟ್ಟು ಅವರ ಹಿತ್ತಲುಗಳಿಗೂ ಪಾದ ಬೆಳೆಸಿ ರಾಜಿ ಮಾಡಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ ಹಾಗೂ ಸಂಬಳವಿಲ್ಲದ ಸಾರಥಿ,
ವೆಂಡೆಲ್ ಕ್ರೌಸ್

ಮರೆತ ಮಾತು: ಈ ವರ್ಷ ನಮ್ಮಿಬ್ಬರ ಹೊಲದ ಜೋಳವನ್ನೂ ತಿಂದು ಬಲ್ಲವರು ತಾವೊಬ್ಬರೇ. ನಿಜಕ್ಕೂ ಯಾರದು ಹೆಚ್ಚು ಸಿಹಿಯೆಂದು, ಆರ್ಲೊನ ಕಿವಿಗೆ ಬೀಳದಂತೆ ನನಗೊಂದು ಮಾತು ತಿಳಿಸಿ. ಅವನದು ಎನ್ನುವುದಾದರೆ ತಿಳಿಸುವ ತೊಂದರೆ ತೆಗೆದುಕೊಳ್ಳಬೇಡಿ.