ಭಾವನವರು ಬಿಯರಿಗೆ ಅಂಕ ಕೊಟ್ಟದ್ದು

ನನ್ನದು ಮಾತು ಕಡಿಮೆ. ಅದಕ್ಕೇ ಮನೆಯಲ್ಲಿ ಇಕ್ಕಟ್ಟಿನ ಕೆಲಸ ಬಂದರೆ ನನ್ನನ್ನು ಕಳಿಸುತ್ತಾರೆ. ಹೋದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಈ ಸಲದ್ದನ್ನು ಬರೆದಿಡುತ್ತೇನೆ. ಹೇಳಲು ಹೋದರೆ ಮಾತು ಜಾಸ್ತಿಯಾಗುತ್ತದೆ.

ಅಕ್ಕನ ಅಪ್ಪಣೆ

ಅಕ್ಕನ ಮಗಳು ಒಬ್ಬ ಹುಡುಗನನ್ನು ಒಪ್ಪಿದಳು. ಮನೆತನ ಸರಿ, ಓದು ಸರಿ, ಗುಣ ಸರಿ. ಕೆಲಸ ಮಾತ್ರ ಬಿಯರ್ ಮಾಡುವುದು.

ಅಗ್ರಹಾರದ ಹಿಂದೆ ಒಂದು ಹಳೆಯ ಕಲ್ಲಿನ ಕಟ್ಟಡವಿದೆ. ಒಂದು ಕಾಲದಲ್ಲಿ ಸಾರೋಟಿನ ಕುದುರೆಗಳನ್ನು ಕಟ್ಟುತ್ತಿದ್ದ ಲಾಯ. ಆಮೇಲೆ ಒಂದು ಮನೆತನದವರು ಮೂರು ತಲೆಮಾರಿನಿಂದ ಅಲ್ಲೇ ಬಿಯರ್ ಕಾಯಿಸಿ ಅಲ್ಲೇ ಮಾರುತ್ತಾರೆ. ಹುಡುಗ ಅಲ್ಲಿ ಕಾಯಿಸುವವನು.

ನಮ್ಮ ಭಾವ ನಿವೃತ್ತ ಹೆಡ್‌ಮಾಸ್ಟರು. ಮಠಕ್ಕೆ ನಡೆದುಕೊಳ್ಳುವ ಮನೆ. ಮಜ್ಜಿಗೆ ಹುಳಿಯಾದರೂ ಲೋಟ ದೂರ ಸರಿಸುವವರು. ಹದಿನೈದು ದಿನ ಮಗಳ ಜೊತೆ ಮಾತು ಬಿಟ್ಟರು. ಮಗಳು, "ಇವನೇ. ಇಲ್ಲದಿದ್ದರೆ ಯಾರೂ ಬೇಡ," ಎಂದು ಊಟ ಕಡಿಮೆ ಮಾಡಿದಳು.

ಅಕ್ಕ ತೀರ್ಪು ಕೊಟ್ಟಳು. "ನೋಡದೇ ಬೇಡ ಅನ್ಬೇಡಿ. ಹೋಗಿ ಜಾಗ ನೋಡ್ಕೊಂಡು ಬಂದು ಆಮೇಲೆ ಹೇಳಿ." ನನ್ನ ಕಡೆ ತಿರುಗಿ, "ನೀನೂ ಜೊತೆಗೆ ಹೋಗೋ."

"ನಾನ್ಯಾಕೆ?"

"ನಿನಗೆ ಅದರ ರುಚಿ ಗೊತ್ತಲ್ಲ ಕಣೋ."

ನಲವತ್ತು ವರ್ಷ ಏಲಕ್ಕಿ ಜಗಿದದ್ದೆಲ್ಲ ದಂಡವಾಯಿತು.

ಬಾಗಿಲಲ್ಲಿ

ಯಾರೂ ನೋಡಬಾರದೆಂದು ಭಾವ ಬೆಳಿಗ್ಗೆ ಹನ್ನೊಂದು ಗಂಟೆ ಗೊತ್ತು ಮಾಡಿದರು. ಸಾಲದೆಂದು ಮೇ ತಿಂಗಳ ಬಿಸಿಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡರು. ಬೀದಿಯಲ್ಲಿ ನೋಡದವರೇ ಇಲ್ಲ.

ಗೇಟಿನ ಸೆಕ್ಯೂರಿಟಿಯವನು ಎದ್ದು ನಿಂತು ಸೆಲ್ಯೂಟ್ ಹೊಡೆದ. "ನಮಸ್ಕಾರ ಮೇಷ್ಟ್ರೇ!"

ಭಾವ ಬೆವರಿದರು. "ಹೆಂಗೆ ಗುರುತು ಹಿಡಿದೆಯೋ?"

"ನಡಿಗೆ ಸಾಕು ಬುಡಿ ಸಾರ್. ಆ ಸದ್ದು ಕೇಳುದ್ರೆ ಇಡೀ ಕ್ಲಾಸು ಗಪ್‌ಚುಪ್ ಆಗ್ತಿತ್ತು."

"ಇಲ್ಲೇನು ಮಾಡ್ತಿದ್ದೀಯ?"

"ಅವತ್ತು ಲೆಕ್ಕ ಮಾಡ್ಕೊಂಡು ಬಂದಿಲ್ಲ ಅಂತ ಬಾಗಿಲಾಚೆ ನಿಲ್ಸುದ್ರಲ್ಲ ಸಾರ್, ಇನ್ನೂ ಅಲ್ಲೇ ನಿಂತಿದ್ದೀನಿ."

ಭಾವ ಮಂಕಿ ಕ್ಯಾಪ್ ತೆಗೆದು ಜೇಬಿಗಿಟ್ಟುಕೊಂಡರು. ಅವನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಒಳಗೆ ನಡೆದರು.

ಹಂಡೆ

ಒಳಗೆ ಕಾಲಿಟ್ಟರೆ ಎದುರಿಗೇ ಆಳೆತ್ತರದ ತಾಮ್ರದ ಹಂಡೆ. ಬಿಯರ್ ಕಾಯಿಸುವುದು ಅದರಲ್ಲೇ. ಫಳಫಳ ಹೊಳೆಯುತ್ತಿತ್ತು. ಅಂದು ಶುಕ್ರವಾರ, ಹಂಡೆಗೆ ಅರಿಸಿನ ಕುಂಕುಮ, ಸೇವಂತಿಗೆ ಹಾರ. ಪಕ್ಕದಲ್ಲಿ ಸಂಸ್ಥಾಪಕರ ಫೋಟೋ, ಊದುಬತ್ತಿ.

ಭಾವನಿಗೆ ಎಲ್ಲಿಗೆ ಬಂದಿದ್ದೇವೆಂಬುದೇ ಮರೆಯಿತು. ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು ಬಂದು ಕೈ ಮುಗಿದರು. ನಾನೂ ಬಿಟ್ಟೆ. ಒಬ್ಬರನ್ನೇ ಬರಿಗಾಲಲ್ಲಿ ನಿಲ್ಲಿಸುವುದು ಸರಿಯಲ್ಲ.

ನಮ್ಮ ಹಿಂದೆ ಬಂದ ಪ್ರವಾಸಿಗಳ ಗುಂಪು ನಮ್ಮನ್ನು ನೋಡಿತು. ಅವರೂ ಬೂಟು ಬಿಚ್ಚಿದರು. ಅವರನ್ನು ನೋಡಿ ಇನ್ನೊಂದು ಗುಂಪು. ಅರ್ಧ ಗಂಟೆಯಲ್ಲಿ ಬಾಗಿಲ ಬಳಿ ಇಪ್ಪತ್ತು ಜೊತೆ. ಹುಬ್ಬಳ್ಳಿ ಕಡೆಯ ಒಬ್ಬರು ವೇಟರನನ್ನು ಮೆಲ್ಲಗೆ ಕೇಳಿದರು.

"ಕಾಯಿ ಒಡಿಸೂದು ಎಷ್ಟೊತ್ತಿಗ್ರಿ?"

ಅಂಕ

ಹುಡುಗ ಓಡಿ ಬಂದು ಕಾಲಿಗೆ ನಮಸ್ಕರಿಸಿದ. ಬಾರ್ಲಿ ತೋರಿಸಿದ. "ಮೊಳಕೆ ಬರಿಸಿ, ಒಣಗಿಸಿ, ಕುದಿಸಿ, ಆಮೇಲೆ ಹುದುಗೋಕೆ ಬಿಡ್ತೀವಿ ಸರ್. ಇಡ್ಲಿ ಹಿಟ್ಟಿನ ಹಾಗೇ."

"ಇಡ್ಲಿ ತಿಂದು ಯಾರೂ ಚರಂಡಿಗೆ ಬಿದ್ದಿಲ್ಲ," ಎಂದರು ಭಾವ.

ಹುಡುಗ ಬಾರ್ಲಿ ಕೆಳಗಿಟ್ಟ. ಮೇಜಿನ ಮೇಲೆ ಒಂದು ಮರದ ತಟ್ಟೆ ತಂದಿಟ್ಟ. ಅದರಲ್ಲಿ ಆರು ಪುಟ್ಟ ಗ್ಲಾಸು, ಆರು ಬಣ್ಣ. ರುಚಿ ನೋಡಲು ಇಲ್ಲಿ ಹೀಗೇ ಕೊಡುತ್ತಾರೆ. "ಮಾವನವರು ರುಚಿ ನೋಡಿ ಹೇಳಲಿ ಸರ್," ಎಂದು ನನ್ನ ಕಡೆ ಸರಿಸಿದ.

ನಾನು ಮೊದಲನೆಯದನ್ನು ಒಂದು ಗುಟುಕು ಕುಡಿದೆ. "ಚೆನ್ನಾಗಿದೆ."

"ಅಷ್ಟೇನಾ? ನೂರಕ್ಕೆ ಎಷ್ಟು?" ಭಾವ ಕೇಳಿದರು.

"ಚೆನ್ನಾಗಿದೆ."

ಭಾವನಿಗೆ ರೇಗಿತು. ಜೇಬಿನಿಂದ ಕೆಂಪು ಪೆನ್ನು ತೆಗೆದರು. ಒಂದು ಕಾಗದದಲ್ಲಿ ಒಂದರಿಂದ ಆರರವರೆಗೆ ಬರೆದರು. ಗ್ಲಾಸುಗಳನ್ನು ನೋಡಿದರು, ಹುಡುಗನನ್ನು ನೋಡಿದರು.

"ಉತ್ತರ ಪತ್ರಿಕೆ ಓದದೇ ಅಂಕ ಹಾಕಿದವನಲ್ಲ ನಾನು," ಎಂದು ನನ್ನ ಗ್ಲಾಸಿನಲ್ಲಿ ಉಳಿದದ್ದನ್ನು ಎತ್ತಿದರು. ಕಣ್ಣು ಮುಚ್ಚಿ ನುಂಗಿದರು. ನಲವತ್ತೆರಡು. ಎರಡನೆಯದಕ್ಕೆ ಐವತ್ತೆಂಟು. ಮೂರನೆಯದಕ್ಕೆ ಎಪ್ಪತ್ತೊಂದು, ಪಕ್ಕದಲ್ಲಿ 'ಉತ್ತಮ'. ನಾಲ್ಕನೆಯದಕ್ಕೆ ತೊಂಬತ್ತು. ಐದನೆಯದಕ್ಕೆ ನೂರಾ ನಾಲ್ಕು.

"ಭಾವ, ನೂರಕ್ಕೆ," ಎಂದೆ.

"ಗೊತ್ತಯ್ಯ. ಅಕ್ಷರ ದುಂಡಗಿದೆ."

ಆರನೆಯ ಗ್ಲಾಸು

ಆರನೆಯದು ತಿಳಿ ಹಸಿರು. ಭಾವ ಒಂದು ಗುಟುಕು ಕುಡಿದು ಮುಖ ಹಿಂಡಿದರು. ನಾನೂ ಕುಡಿದೆ. ನಾನಾಗಿದ್ದರೆ ಸೊನ್ನೆ ಕೊಡುತ್ತಿದ್ದೆ.

ನೂರಾ ನಾಲ್ಕು ಬರೆದ ಕೈ ಇಪ್ಪತ್ತೆಂಟು ಬರೆಯಿತು. ಕೆಳಗೆ ಅಡ್ಡ ಗೆರೆ ಎಳೆಯಿತು. ಫೇಲು.

"ಇದ್ಯಾರು ಮಾಡಿದ್ದು?"

ಹುಡುಗನ ಮುಖ ಬಿಳಿಚಿತು. "ಬೇರೆ ಐದೂ ಇಲ್ಲಿನ ಯಜಮಾನರ ತಾತನ ಕಾಲದ ಪಾಕ ಸರ್. ಇದೊಂದೇ ನಂದು. ವೀಳ್ಯದೆಲೆ ಹಾಕಿದ್ದೀನಿ."

"ಯಾಕಪ್ಪಾ? ಎಲೆ ಏನು ಪಾಪ ಮಾಡಿತ್ತು?"

"ನಿಮಗೆ ಎಲೆ ಅಂದ್ರೆ ಇಷ್ಟ ಅಂತ ಅವಳು ಹೇಳಿದ್ಲು ಸರ್. ಮೂರು ಸಲ ಮಾಡಿದೆ. ಮೂರು ಸಲಾನೂ ಕೆಟ್ಟೋಯ್ತು. ಇವತ್ತು ಇದನ್ನ ಇಡಬೇಡ ಅಂತ ಎಲ್ಲರೂ ಹೇಳಿದ್ರು. ಮುಚ್ಚಿಡೋದು ಸರಿ ಅನ್ನಿಸಲಿಲ್ಲ."

ಭಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ಪೆನ್ನು ಎತ್ತಿ ಇಪ್ಪತ್ತೆಂಟರ ಪಕ್ಕ ಕೂಡಿಸುವ ಗುರುತು ಹಾಕಿ ಏಳು ಬರೆದರು. ಮೂವತ್ತೈದು. ಸುತ್ತ ಒಂದು ದೊಡ್ಡ ಸೊನ್ನೆ ಸುತ್ತಿ ಸಹಿ ಹಾಕಿದರು.

"ಏಳು ಗ್ರೇಸ್ ಮಾರ್ಕ್ಸು. ಸರ್ವಿಸಲ್ಲಿ ಯಾರಿಗೂ ಐದರ ಮೇಲೆ ಕೊಟ್ಟಿಲ್ಲ. ಅಳಬೇಡ."

ಅಳುತ್ತಿದ್ದವರು ಅವರೇ.

ಮನೆಗೆ ಬಂದೆವು. ಬಾಗಿಲಲ್ಲಿ ಅಕ್ಕ. ಅಡುಗೆಮನೆಯ ಬಾಗಿಲ ಹಿಂದೆ ಮಗಳು, ಉಸಿರು ಬಿಗಿಹಿಡಿದು.

"ಏನಾಯ್ತು ರೀ?" ಅಂದಳು ಅಕ್ಕ.

ಭಾವ ಗೋಡೆ ಹಿಡಿದು ನೆಟ್ಟಗೆ ನಿಂತರು. "ಹುಡುಗ ಪಾಸು. ತಾಂಬೂಲಕ್ಕೆ ದಿನ ನೋಡು."

ಒಳಗಿನಿಂದ ಪಾತ್ರೆ ಬಿದ್ದ ಸದ್ದು.

"ಆದ್ರೆ ಒಂದು ಸಬ್ಜೆಕ್ಟಲ್ಲಿ ಬಹಳ ವೀಕು ಕಣೆ," ಎಂದು ಭಾವ ಗಂಭೀರವಾಗಿ ಮುಂದುವರಿಸಿದರು. "ಪ್ರತಿ ಶನಿವಾರ ನಾನೇ ಹೋಗಿ ಟ್ಯೂಷನ್ ಕೊಡಬೇಕು."