ದುಕೇಸಾ ಕೆಂಪನ್ನೇ ಕುಡಿಯುತ್ತಾಳೆ

ಮೆಕ್ಸಿಕೋ ದೇಶದ ನಮ್ಮ ಪಚೂಕಾ ಊರಿನಲ್ಲಿ ಸಂಸಾರವಂದಿಗನಿಗೆ ಎರಡು ಕಡೆ ಒಂದೇ ಪ್ರಶ್ನೆ ಎದುರಾಗುತ್ತದೆ. ಬೆಳಿಗ್ಗೆ ಒಲೆಯ ಮುಂದೆ ನಿಂತ ಹೆಂಡತಿ, ಹಿಂದಿನ ದಿನ ಉಳಿದ ಮೆಕ್ಕೆಜೋಳದ ರೊಟ್ಟಿಯನ್ನು ಚೂರು ಮಾಡಿ ಕರಿದು ಗೊಜ್ಜಿಗೆ ಹಾಕುವ ಮೊದಲು ಕೇಳುತ್ತಾಳೆ: ಹಸಿರಾ, ಕೆಂಪಾ? ಹಸಿರು ಗೊಜ್ಜೆಂದರೆ ಹುಳಿ, ಕೆಂಪು ಗೊಜ್ಜೆಂದರೆ ಒಣಮೆಣಸಿನಕಾಯಿ. ಆಮೇಲೆ ಪೆಟ್ರೋಲ್ ಬಂಕಿಗೆ ಹೋದರೆ ಅಲ್ಲಿನವನು ಕಿಟಕಿಗೆ ಬಗ್ಗಿ ಅದನ್ನೇ ಕೇಳುತ್ತಾನೆ. ಹಸಿರು ಹಿಡಿಕೆಯ ಪೈಪಿನಲ್ಲಿ ಸಾದಾ ಪೆಟ್ರೋಲ್, ಕೆಂಪು ಹಿಡಿಕೆಯದರಲ್ಲಿ ದುಬಾರಿಯದು. ಮೊದಲ ಪ್ರಶ್ನೆಗೆ ನಾನು ಏನೇ ಉತ್ತರ ಕೊಟ್ಟರೂ ತಟ್ಟೆಗೆ ಬೀಳುವುದು ಅವಳು ಆಗಲೇ ಅರೆದಿಟ್ಟದ್ದೇ. ಎರಡನೆಯದಕ್ಕೆ ಉತ್ತರಿಸುವ ಸಂಪೂರ್ಣ ಸ್ವಾತಂತ್ರ್ಯ ನನಗಿತ್ತು. ಆ ಸ್ವಾತಂತ್ರ್ಯವೇ ನನ್ನನ್ನು ಈ ಗತಿಗೆ ತಂದಿತು.

ನನ್ನ ಹೆಸರು ಏವೋದಿಯೊ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ನಮ್ಮ ಮನೆಯಲ್ಲಿ ನಾನು, ಹೆಂಡತಿ ದೊಮಿತಿಲಾ, ಅವಳ ತಾಯಿ ದೋನ್ಯಾ ಕ್ರೆಸೆನ್ಸಿಯಾ ಮತ್ತು ದುಕೇಸಾ. ದುಕೇಸಾ ಎಂದರೆ ನಮ್ಮ ಕಡೆ ರಾಜವಂಶದ ಹೆಣ್ಣು. ನಮ್ಮ ದುಕೇಸಾಳಿಗೆ ನಾಲ್ಕು ಬಾಗಿಲು, ಮರಳಿನ ಬಣ್ಣ, ಇಪ್ಪತ್ತಾರು ವರ್ಷ ವಯಸ್ಸು, ಬಲಗಡೆ ಒಂದು ತಗ್ಗು (ಆ ತಗ್ಗಿಗೆ ನಾನು ಕಾರಣನಲ್ಲ. ಗೋಡೆಯೇ ಅಡ್ಡ ಬಂದಿತ್ತು). ಅವಳನ್ನು ಕೊಂಡವರು ನಮ್ಮ ಮಾವ ದೋನ್ ಫಿದೆನ್ಸಿಯೊ. ಗಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಮನುಷ್ಯ. ಮಗಳಿಗೆ ಮುತ್ತು ಕೊಟ್ಟದ್ದಕ್ಕಿಂತ ಹೆಚ್ಚು ಸಲ ಆ ಕಾರಿನ ಬಾನೆಟ್ಟನ್ನು ಒರೆಸಿದ್ದರು. ತಮ್ಮ ದುಕೇಸಾ ಕೆಂಪನ್ನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಮದುವೆ, ನಾಮಕರಣ, ತಿಥಿ ಯಾವುದನ್ನೂ ಬಿಡದೆ ಎಲ್ಲ ಕಡೆ ಹೇಳುತ್ತಿದ್ದರು.

ಆಸ್ಪತ್ರೆಯಲ್ಲಿ ಕೊನೆಯ ದಿನ ಅವರು ನನ್ನನ್ನು ಹತ್ತಿರ ಕರೆದರು. ಮಗಳನ್ನು ಚೆನ್ನಾಗಿ ನೋಡಿಕೋ ಎನ್ನುತ್ತಾರೆಂದು ನಾನು ಮುಖವನ್ನು ಅದಕ್ಕೆ ತಕ್ಕಂತೆ ಮಾಡಿಕೊಂಡು ಬಗ್ಗಿದೆ. ಅವರು ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಕೆಂಪು, ಏವೋದಿಯೊ. ಬರೀ ಕೆಂಪು," ಎಂದರು. ನಾನು ಆಗಲಿ ಎಂದೆ. ಪಕ್ಕದಲ್ಲಿ ನಿಂತಿದ್ದ ದೊಮಿತಿಲಾ ಅತ್ತಳು.

ಒಂದು ತಿಂಗಳು ಕೆಂಪನ್ನೇ ಹಾಕಿಸಿದೆ. ಎರಡನೆಯ ತಿಂಗಳು ಕಾರಿನ ಡ್ರಾಯರಿನಲ್ಲಿದ್ದ ಕೈಪಿಡಿ ಕಣ್ಣಿಗೆ ಬಿತ್ತು. ಸಾದಾ ಪೆಟ್ರೋಲ್ ಸಾಕು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಬೀದಿಯ ಮೆಕ್ಯಾನಿಕ್‌ನನ್ನು ಕೇಳಿದೆ. ಕೆಂಪಿಗೆ ಹೆಚ್ಚು ಶಕ್ತಿಯೇನೂ ಇಲ್ಲ, ಹೆಚ್ಚು ತಾಳ್ಮೆ ಇದೆ ಅಷ್ಟೇ ಎಂದ. ಬಿಗಿಯಾಗಿ ಒತ್ತುವ ಇಂಜಿನ್ನಿನಲ್ಲಿ ಸಾದಾ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ, ಅಂಥ ಕಡೆ ತಾಳ್ಮೆ ಬೇಕು. ದುಕೇಸಾಳ ಇಂಜಿನ್ ಯಾರನ್ನೂ ಅಷ್ಟು ಒತ್ತುವುದಿಲ್ಲ. ಅದರ ಮೇಲೆ ನಮ್ಮ ಊರಿನ ಎತ್ತರಕ್ಕೆ ಗಾಳಿಯೇ ತೆಳು, ಒತ್ತಡ ಇನ್ನೂ ಕಡಿಮೆ. ಜಗಳವೇ ಇಲ್ಲದ ಮನೆಗೆ ರಾಜಿ ಮಾಡಿಸುವವನನ್ನು ಸಂಬಳ ಕೊಟ್ಟು ಇಟ್ಟುಕೊಂಡ ಹಾಗೆ ಎಂದು ಕೈ ಒರೆಸಿಕೊಂಡ. ಅಂಥ ಮನೆ ಎಲ್ಲಿದೆ ಎಂದು ಕೇಳಬೇಕೆನಿಸಿತು.

ಬಂಕಿನಲ್ಲಿ ಮೂವತ್ತು ವರ್ಷದಿಂದ ಪೈಪು ಹಿಡಿದು ನಿಂತಿರುವವನು ಎರ್ಮಿಲೊ. ಈಗ ಓದಲು ಬೇರೆ ಊರಿನಲ್ಲಿರುವ ನನ್ನ ಮಗಳಿಗೆ ಜ್ಞಾನಸ್ನಾನದಲ್ಲಿ ಅವನೇ ಧರ್ಮಪಿತ, ಹಾಗಾಗಿ ನಮ್ಮಿಬ್ಬರಿಗೆ ಕೊಂಪಾದ್ರೆ ಸಂಬಂಧ. ಅಂದರೆ ಒಡಹುಟ್ಟಿದವನಿಗೆ ಹೇಳಲಾಗದ್ದನ್ನೂ ಅವನಿಗೆ ಹೇಳಬಹುದು. ಆ ದಿನ ಅವನು ಹಸಿರಾ, ಕೆಂಪಾ ಎಂದಾಗ ನಾನು ಆಚೀಚೆ ನೋಡಿ ಹಸಿರು ಎಂದೆ. ಅವನು ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಎಂದಿನಂತೆ, ಸೊನ್ನೆ ನೋಡ್ಕೊಳ್ಳಿ ಕೊಂಪಾದ್ರೆ ಎಂದು ಮೀಟರ್ ತೋರಿಸಿ ಪೈಪು ಇಟ್ಟ. ಉಳಿದ ದುಡ್ಡಿನಲ್ಲಿ ಶನಿವಾರ ಮಧ್ಯಾಹ್ನ ನಾವಿಬ್ಬರೂ ಒಂದೊಂದು ಲೋಟ ಪುಲ್ಕೆ ಕುಡಿದೆವು. ಪುಲ್ಕೆ ಎಂದರೆ ಕತ್ತಾಳೆಯ ಹೆಂಡ. ಹಾಲಿನಂತೆ ಬೆಳ್ಳಗಿರುತ್ತದೆ, ಆದ್ದರಿಂದ ಪಾಪವೂ ಅಷ್ಟಾಗಿ ಕಾಣಿಸುವುದಿಲ್ಲ. ಮುಂದೆ ಪ್ರತಿ ಶನಿವಾರವೂ ಹಾಗೇ ಆಯಿತು.

ಇಷ್ಟಕ್ಕೇ ನಿಂತಿದ್ದರೆ ಇದು ಪೆಟ್ರೋಲಿನ ಕಥೆಯಾಗುತ್ತಿತ್ತು. ಆದರೆ ನಮ್ಮ ಮನೆ ಗುಡ್ಡದ ಮೇಲಿದೆ. ಕೊನೆಯ ಏರು ಎಷ್ಟು ಕಡಿದಾಗಿದೆಯೆಂದರೆ ಅಲ್ಲಿ ನಾಯಿಗಳೂ ಅರ್ಧಕ್ಕೆ ಕೂತು ಸುಧಾರಿಸಿಕೊಳ್ಳುತ್ತವೆ. ಭಾನುವಾರ ಚರ್ಚಿನಿಂದ ಬರುವಾಗ ಆ ಏರಿನಲ್ಲಿ ದುಕೇಸಾ ಒಂದು ಥರ ಗುನುಗುತ್ತಾಳೆ. ಅದನ್ನು ಕೇಳಿದೊಡನೆ ದೊಮಿತಿಲಾ ಸೀಟಿಗೆ ಒರಗಿ, "ನೋಡು, ಅಪ್ಪ ಖುಷಿಯಾಗಿದಾರೆ," ಎನ್ನುತ್ತಿದ್ದಳು. ಕೆಂಪು ಹಾಕಿಸುವುದರಿಂದಲೇ ಈ ದನಿ ಎಂದು ಅವಳ ನಂಬಿಕೆ. ನಾನು ಹೂಂ ಎನ್ನುತ್ತಿದ್ದೆ.

ನನ್ನ ಕಸುಬಿನಲ್ಲಿ ಇಂಥದ್ದನ್ನು ದಿನವೂ ಕಂಡಿದ್ದೇನೆ. ಕಣ್ಣಿನಲ್ಲಿ ಏನೂ ದೋಷವಿಲ್ಲದ ಮುದುಕಿಯೊಬ್ಬಳು ಹಟ ಹಿಡಿದು ಚಿನ್ನದ ಬಣ್ಣದ ಕಟ್ಟಿನ ಕನ್ನಡಕ ಮಾಡಿಸಿಕೊಂಡಳು. ನಾನು ಹಾಕಿದ್ದು ಸಾದಾ ಗಾಜು. ಹಾಕಿಕೊಂಡವಳೇ ಬೀದಿಯ ಆ ತುದಿಯ ಬೋರ್ಡನ್ನು ಗಟ್ಟಿಯಾಗಿ ಓದಿ ನನ್ನ ತಲೆ ಸವರಿದಳು. ಅವಳಿಗೆ ಕಂಡದ್ದು ಸುಳ್ಳೆಂದು ಹೇಳಲು ನಾನು ಯಾರು? ದೊಮಿತಿಲಾಳಿಗೂ ಅಷ್ಟೇ ಎಂದುಕೊಂಡೆ. ಅವಳ ಅಪ್ಪ ಅವಳಿಗೆ ಕೇಳಿಸುತ್ತಿದ್ದಾರೆ, ಯಾವ ಪೈಪಿನಿಂದ ಬಂದರೇನು? ಹೀಗೆ ಮೂರು ವರ್ಷ ಸಮಾಧಾನ ಮಾಡಿಕೊಂಡೆ. ಆದರೂ ಪ್ರತಿ ಭಾನುವಾರ ಹೂಂ ಎನ್ನುವಾಗ ಅವಳ ಕಡೆ ತಿರುಗದೆ ರಸ್ತೆಯನ್ನೇ ನೋಡುತ್ತಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಕಳೆದ ತಿಂಗಳು ನನಗೆ ಜ್ವರ ಬಂತು. ದೊಮಿತಿಲಾ ತಾನೇ ದುಕೇಸಾಳನ್ನು ಬಂಕಿಗೆ ಒಯ್ದಳು. ಎರ್ಮಿಲೊ ಕಾರು ನೋಡಿದ, ಒಳಗೆ ಕೂತವರನ್ನು ನೋಡಲಿಲ್ಲ. ಮೂರು ವರ್ಷದ ಅಭ್ಯಾಸಬಲದಿಂದ ಏನನ್ನೂ ಕೇಳದೆ ಹಸಿರು ಹಿಡಿಕೆ ಎತ್ತಿದ. ಕೆಂಪು ಹಾಕು ಎಂದು ಇವಳು ಹೇಳಿದ್ದಕ್ಕೆ ಆ ಮಹಾನುಭಾವ, ಯಾಕೆ, ಇವತ್ತೇನು ಹಬ್ಬವಾ ಎಂದು ಕೇಳಿದನಂತೆ. ಆಮೇಲೆ ಮುಖ ನೋಡಿ ಕೈಯಲ್ಲಿದ್ದ ಬಟ್ಟೆಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡನಂತೆ.

ದೊಮಿತಿಲಾ ಮನೆಗೆ ಬಂದು ಏನೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅವಳು ಏನೂ ಹೇಳದ ಸಂಜೆ ಅದೇ ಮೊದಲು. ನನ್ನ ಜ್ವರ ತಾನಾಗಿಯೇ ಇಳಿಯಿತು. ಮರುದಿನ ಬೆಳಿಗ್ಗೆ ಹಸಿರಾ ಕೆಂಪಾ ಎಂಬ ಪ್ರಶ್ನೆಯೂ ಬರಲಿಲ್ಲ. ತಟ್ಟೆ ಮುಂದೆ ಬಂತು. ಒಂದು ಪಕ್ಕ ಹಸಿರು ಗೊಜ್ಜು, ಇನ್ನೊಂದು ಪಕ್ಕ ಕೆಂಪು ಗೊಜ್ಜು, ನಡುವೆ ನೀಟಾಗಿ ಒಂದು ಗೆರೆ. ಈ ಊಟಕ್ಕೆ ನಮ್ಮಲ್ಲಿ ಹೆಸರೇ ವಿಚ್ಛೇದಿತರು. ಹೋಟೆಲಿನಲ್ಲಿ ಜನ ಆಸೆಪಟ್ಟು ಕೇಳಿ ತಿನ್ನುತ್ತಾರೆ. ಮನೆಯಲ್ಲಿ ಕೇಳದೆಯೇ ಬಂದಾಗ ಅದು ಗಂಟಲಲ್ಲಿ ಇಳಿಯುವುದು ಕಷ್ಟ.

ನಾನು ಕೈಪಿಡಿ ತಂದೆ. ದಪ್ಪ ಅಕ್ಷರ ತೋರಿಸಿದೆ. ಊರಿನ ಎತ್ತರ, ಗಾಳಿಯ ತೆಳುವು, ಇಂಜಿನ್ನಿನ ಒತ್ತಡ ಎಲ್ಲದರ ಮೇಲೂ ಒಂದು ಸುದೀರ್ಘ ಉಪನ್ಯಾಸ ಕೊಟ್ಟೆ. ಅತ್ತೆಯವರು ಮೂಲೆಯಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದರು. ತಲೆ ಎತ್ತಲಿಲ್ಲ. ದೊಮಿತಿಲಾ ಕೊನೆಯವರೆಗೂ ಕೇಳಿದಳು.

"ಪೆಟ್ರೋಲ್ ಹಾಳಾಗ್ಲಿ ಏವೋದಿಯೊ," ಎಂದಳು. "ಆ ಏರು ಹತ್ತುವಾಗೆಲ್ಲ ಅಪ್ಪ ಖುಷಿಯಾಗಿದಾರೆ ಅಂತಿದ್ದೆ. ನೀನು ಹೂಂ ಅಂತಿದ್ದೆ. ಮೂರು ವರ್ಷ ಹೂಂ ಅಂದೆಯಲ್ಲ, ಆ ಹೂಂ ಯಾವ ಬಣ್ಣದ್ದು?"

ನಾನು ಕೈಪಿಡಿ ಮುಚ್ಚಿದೆ. ಹೂಂ ಯಾವ ಬಣ್ಣದ್ದೆಂದು ಅದರಲ್ಲಿ ಬರೆದಿರಲಿಲ್ಲ. ಅವಳ ಕಣ್ಣು ತುಂಬಿತ್ತು. ನಾಚಿಕೆ ಎಂದರೆ ಏನೆಂದು ನನಗೆ ಆಗ ನಿಜವಾಗಿ ತಿಳಿಯಿತು. ಏನು ಮಾಡಲಿ ಹೇಳು, ಮಾಡುತ್ತೇನೆ ಎಂದುಬಿಟ್ಟೆ. (ಓದುವವರಲ್ಲಿ ಗಂಡಂದಿರಿದ್ದರೆ ಈ ವಾಕ್ಯವನ್ನು ಎಂದಿಗೂ ಬಾಯಿಂದ ಬಿಡಬಾರದೆಂದು ವಿನಂತಿ.)

ಚರ್ಚಿಗೆ ಹೋಗಿ ಆಣೆ ಮಾಡಬೇಕು ಎಂದಳು.

ಕುಡಿತ ಬಿಡಲು ಹೊರಟವರು ಭಾನುವಾರ ಪೂಜೆಯ ನಂತರ ಗ್ವಾದಲೂಪೆ ಮಾತೆಯ ಮುಂದೆ ನಿಂತು, ಇಷ್ಟು ತಿಂಗಳು ಮುಟ್ಟುವುದಿಲ್ಲ ಎಂದು ಆಣೆ ಮಾಡುತ್ತಾರೆ. ಪಾದ್ರಿಗಳು ಮಾತೆಯ ಚಿತ್ರವಿರುವ ಚೀಟಿಯಲ್ಲಿ ತಾರೀಖು ಬರೆದು ಸಹಿ ಹಾಕಿಸುತ್ತಾರೆ. ಆಮೇಲೆ ಗೆಳೆಯರು ಲೋಟ ನೀಡಿದರೆ ಚೀಟಿ ತೋರಿಸಿದರೆ ಸಾಕು, ಎಂಥ ಒರಟನೂ ಒತ್ತಾಯ ಮಾಡುವುದಿಲ್ಲ. ಅಂಥ ಕೆಂಗಣ್ಣಿನವರ ಸಾಲಿನಲ್ಲಿ ನಾನು ಹೆಂಡತಿ ಮತ್ತು ಅತ್ತೆಯ ನಡುವೆ ನಿಂತೆ. ನಮ್ಮ ಸರದಿ ಬಂದಾಗ ದೊಮಿತಿಲಾ ವಿಷಯ ವಿವರಿಸಿದಳು. ದುಕೇಸಾ ಇನ್ನು ಹಸಿರು ಮುಟ್ಟಬಾರದು, ಹಾಗೆಂದು ಚೀಟಿ ಬೇಕು.

ಪಾದ್ರಿ ನಾಬೋರ್ ಚೀಟಿಗಳ ಕಟ್ಟನ್ನು ಬಿಚ್ಚಿ ನೋಡಿದರು. ತಮ್ಮಲ್ಲಿರುವುದು ಒಂದೇ ಬಗೆಯ ಚೀಟಿ, ಅದರಲ್ಲಿ ಮದ್ಯ ಎಂದು ಅಚ್ಚಾಗಿದೆ, ಮೇಲಾಗಿ ಕಾರಿಗೆ ಆತ್ಮವಿಲ್ಲದ್ದರಿಂದ ಅದರಿಂದ ಆಣೆ ಮಾಡಿಸಲು ಬರುವುದಿಲ್ಲ ಎಂದರು. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು ಕನ್ನಡಕ ಸರಿ ಮಾಡಿಕೊಂಡು (ಅದಕ್ಕೆ ಗಾಜು ಉಜ್ಜಿದವನು ನಾನೇ), ದುಬಾರಿ ಪೆಟ್ರೋಲ್ ಹಾಕಿಸದೆ ಉಳಿದದ್ದು ಎಲ್ಲಿ ಹೋಯಿತು ಮಗೂ ಎಂದು ಮೆಲ್ಲಗೆ ಕೇಳಿದರು. ಮಾತೆ ಎದುರಿಗಿದ್ದಳು. ಪುಲ್ಕೆ ಎಂದೆ.

"ಹಾಗಾದ್ರೆ ಚೀಟಿ ಸರಿಯಾಗೇ ಇದೆ," ಎಂದು ಪೆನ್ನು ತೆಗೆದರು. ಒಂದು ವರ್ಷ. ಸಾಕ್ಷಿಯ ಜಾಗದಲ್ಲಿ ಅತ್ತೆಯವರು ಸಹಿ ಹಾಕಿದರು. ಅಕ್ಷರ ಬಹಳ ಸ್ಪಷ್ಟವಾಗಿತ್ತು.

ವಾಪಸಾಗುವಾಗ ದೊಮಿತಿಲಾ ಕಾರು ನಡೆಸುತ್ತಿದ್ದಳು. ನಾನು ಪಕ್ಕದಲ್ಲಿ ಚೀಟಿ ಹಿಡಿದು ಕೂತಿದ್ದೆ. ಏರು ಬಂತು, ದುಕೇಸಾ ಗುನುಗಿದಳು. ದೊಮಿತಿಲಾ ಈ ಸಲ ಗೇರ್ ಬದಲಿಸಿದಳು, ಅಷ್ಟೇ. ಹಿಂದಿನ ಸೀಟಿನಿಂದ ಅತ್ತೆಯವರ ದನಿ ಕೇಳಿಸಿತು.

"ನಿಮ್ಮಪ್ಪನೂ ಹಸಿರೇ ಹಾಕಿಸ್ತಿದ್ದದ್ದು ಕಣೇ."

ದೊಮಿತಿಲಾ ಏರಿನ ಮಧ್ಯದಲ್ಲೇ ಬ್ರೇಕ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆದಳು. ಹಿಂದೆ ಒಂದು ಬಸ್ಸು ಹಾರನ್ ಬಾರಿಸತೊಡಗಿತು.

"ಶುರುವಿಂದಲೂ ಹಸಿರೇ. ಎರ್ಮಿಲೊಗೆ ಬಾಯಿ ಬಿಡಬೇಡ ಅಂತ ಹೇಳಿದ್ರು. ಉಳಿದಿದ್ರಲ್ಲಿ ಶನಿವಾರ ಪುಲ್ಕೆ ತರ್ತಿದ್ರು. ಅರ್ಧ ನಾನು ಕುಡೀತಿದ್ದೆ."

ಹಾಗಾದರೆ ಸಾಯುವಾಗ ನನ್ನ ಕೈಯಲ್ಲಿ ಕೀಲಿಕೈ ಇಟ್ಟು ಕೆಂಪು ಎಂದದ್ದು ಯಾಕೆ ಎಂದು ಕೇಳಿದೆ.

"ಮನಸ್ಸಿಗೆ ಚುಚ್ತಿತ್ತು. ಊರಿಗೆಲ್ಲ ಕೆಂಪು ಕೆಂಪು ಅಂತ ಹೇಳ್ಕೊಂಡು ಬಂದಿದ್ರಲ್ಲ. ನಾನಂತೂ ಹಾಕ್ಲಿಲ್ಲ, ಅಳಿಯನಾದ್ರೂ ಹಾಕ್ಲಿ ಅಂತ."

ಇದನ್ನು ಚರ್ಚಿಗೆ ಹೋಗುವ ಮೊದಲೇ ಹೇಳಬಹುದಿತ್ತಲ್ಲ ಎಂದು ಬಹಳ ವಿನಯದಿಂದ ಕೇಳಿದೆ. ಗಂಡಸೊಬ್ಬ ಆಣೆ ಮಾಡಲು ಹೊರಟಾಗ ತಡೆಯುವುದು ಪಾಪ ಎಂದು ಅತ್ತೆಯವರು ಶಿಲುಬೆಯ ಗುರುತು ಮಾಡಿಕೊಂಡರು.

ದೊಮಿತಿಲಾ ಸ್ಟೀರಿಂಗಿನ ಮೇಲೆ ತಲೆಯಿಟ್ಟಳು. ಅಳುತ್ತಿದ್ದಾಳೆ ಎಂದುಕೊಂಡು ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟೆ. ಅವಳು ನಗುತ್ತಿದ್ದಳು, ನಡುನಡುವೆ ಅಳುತ್ತಲೂ ಇದ್ದಳು. ಆಮೇಲೆ ಮೂಗು ಒರೆಸಿಕೊಂಡು, ಹಾಗಾದರೆ ತಾನು ಮದುವೆಗೆ ಮುಂಚಿನಿಂದಲೂ ಕೇಳಿದ್ದು ಇದೇ ದನಿ, ಹಸಿರಿನ ದನಿ ಎಂದಳು. ಈ ಮೂರು ವರ್ಷವೂ ಕೇಳಿಸಿದ್ದು ಅಪ್ಪನೇ ಹೌದು ಎಂದಳು. ಬಸ್ಸು ಇನ್ನೂ ಹಾರನ್ ಬಾರಿಸುತ್ತಲೇ ಇತ್ತು. ನನ್ನ ಎದೆ ಮೂರು ವರ್ಷದಲ್ಲಿ ಮೊದಲ ಸಲ ಹಗುರಾಯಿತು.

ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡೆ. ನೋಡಿದರೆ ಮಾವನ ಸಂಪ್ರದಾಯವನ್ನು ಕೂದಲೆಳೆಯಷ್ಟೂ ತಪ್ಪದೆ ನಡೆಸಿಕೊಂಡು ಬಂದ ಅಳಿಯ ನಾನೇ, ಆದ್ದರಿಂದ ಈ ಚೀಟಿಯ ವಿಷಯವನ್ನು ಪುನಃ ಪರಿಶೀಲಿಸಬಹುದು ಎಂದು ಸೂಚಿಸಿದೆ.

"ಅಪ್ಪ ಸುಳ್ಳು ಹೇಳಿದ್ರು, ನೀನೂ ಹೇಳಿದೆ," ಎಂದಳು ದೊಮಿತಿಲಾ, ಗೇರ್ ಹಾಕುತ್ತ. "ಅಪ್ಪ ಕೈಗೆ ಸಿಗಲ್ಲ. ನೀನಿದೀಯ."

ಮರುದಿನ ಬಂಕಿನಲ್ಲಿ ಎರ್ಮಿಲೊ ಹೆದರಿ ಹೆದರಿ ಹಸಿರಾ ಕೆಂಪಾ ಎಂದು ಕೇಳಿದಾಗ ಅವಳೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಸಿರು ಎಂದಳು. ಮಾವನ ಗುಟ್ಟನ್ನು ನನಗೆ ಹೇಳಬಾರದಿತ್ತೇ ಎಂದು ನಾನು ಅವನನ್ನು ಆಮೇಲೆ ತರಾಟೆಗೆ ತೆಗೆದುಕೊಂಡೆ. ನಿಮ್ಮ ಗುಟ್ಟು ಕಾಯ್ದದ್ದೂ ಅದೇ ಬಾಯಿ ಕೊಂಪಾದ್ರೆ ಎಂದ. ಅದೂ ಸರಿಯೇ.

ಈಗ ಶನಿವಾರ ಮಧ್ಯಾಹ್ನ ಅತ್ತೆಯವರು ಮತ್ತು ದೊಮಿತಿಲಾ ಮನೆಯ ಮೆಟ್ಟಿಲ ಮೇಲೆ ಕೂರುತ್ತಾರೆ. ನಡುವೆ ಪುಲ್ಕೆಯ ಹೂಜಿ. ಅದನ್ನು ಕೊಂಡು ತರುವುದು ನನ್ನ ಕೆಲಸ, ದುಕೇಸಾಳಲ್ಲಿ ಕೂರಿಸಿಕೊಂಡು, ಏರಿನಲ್ಲಿ ತುಳುಕದಂತೆ. ಅವಳ ಹೊಟ್ಟೆಯಲ್ಲಿ ಹಸಿರು, ಇವರ ಲೋಟದಲ್ಲಿ ಬಿಳಿ. ಗೋಡೆಯ ಮೇಲೆ ಮಾವನ ಫೋಟೊ, ಅದರ ಕೆಳಗೆ ನನ್ನ ಚೀಟಿ. ಮೊದಲ ಶನಿವಾರ ನಾನು ಬಾಗಿಲಲ್ಲಿ ಪೆಚ್ಚಾಗಿ ನಿಂತದ್ದನ್ನು ನೋಡಿ ದೊಮಿತಿಲಾ ಒಳಗೆ ಹೋಗಿ, ದಾಸವಾಳದ ಪಾನಕ ಮಾಡಿ ದೊಡ್ಡ ಲೋಟದಲ್ಲಿ ತಂದು ಕೈಗಿಟ್ಟಳು. ರಕ್ತದಂಥ ಬಣ್ಣ.

"ಅಪ್ಪನ ಮಾತು ನಡೆಸಿದ ಹಾಗಾಯ್ತು," ಎಂದಳು. "ಕುಡಿ ಮುದುಕಾ. ಬರೀ ಕೆಂಪು."